ಹೈಡ್ರೋಜನ್ ಬೇಕು, ಆದರೆ ಅಡುಗೆ ಅನಿಲದ ಕೊಳವೆಗಲ್ಲ

ಮನೆಗಳಿಗೆ ಹೋಗುವ ನೈಸರ್ಗಿಕ ಅನಿಲದ ಕೊಳವೆಗೆ ಹೈಡ್ರೋಜನ್ ಬೆರೆಸುವ ಯೋಜನೆಯನ್ನು ನಾನು ವಿರೋಧಿಸುತ್ತೇನೆ. ಹೈಡ್ರೋಜನ್ನಿನಿಂದ ಪರಿಸರಕ್ಕೆ ಸಿಗಬಹುದಾದ ಲಾಭ ಅತಿ ಕಡಿಮೆ ಆಗುವ ಜಾಗವೆಂದರೆ ಅದೇ. ಈ ನಿಲುವಿಗೆ ಎರಡು ಕಡೆಯಿಂದ ಆಕ್ಷೇಪ ಬರುತ್ತದೆ. ಹೈಡ್ರೋಜನ್ನೇ ನಾಳಿನ ಇಂಧನ ಎಂದು ನಂಬಿದವರು, ಒಳ್ಳೆಯ ಕೆಲಸಕ್ಕೆ ಅಡ್ಡಗಾಲು ಹಾಕಬೇಡಿ ಎನ್ನುತ್ತಾರೆ. ನೈಸರ್ಗಿಕ ಅನಿಲದ ಪರ ನಿಂತವರು, ಹೈಡ್ರೋಜನ್ ಅಷ್ಟೊಂದು ಕಷ್ಟದ್ದಾದರೆ ಇರುವ ಅನಿಲವೇ ಸಾಕಲ್ಲ ಎನ್ನುತ್ತಾರೆ. ಎರಡೂ ವಾದಗಳಲ್ಲಿ ಹುರುಳಿರುವ ಭಾಗಗಳಿವೆ. ಅವನ್ನು ಒಪ್ಪಿಕೊಂಡೇ ಉಳಿದುದಕ್ಕೆ ಉತ್ತರ ಹೇಳುತ್ತೇನೆ.

ಸೂರತ್ ಬಳಿಯ ಕವಾಸ್‌ನಲ್ಲಿ ಎನ್‌ಟಿಪಿಸಿ ಸಂಸ್ಥೆ 2023ರ ಜನವರಿಯಲ್ಲಿ ತನ್ನ ವಸತಿ ಬಡಾವಣೆಯ ಅಡುಗೆ ಅನಿಲದಲ್ಲಿ ಹಸಿರು ಹೈಡ್ರೋಜನ್, ಅಂದರೆ ಸೂರ್ಯ ಅಥವಾ ಗಾಳಿಯ ವಿದ್ಯುತ್ತಿನಿಂದ ತಯಾರಿಸಿದ ಹೈಡ್ರೋಜನ್, ಬೆರೆಸಲು ಶುರು ಮಾಡಿತು. ಮೊದಲು ಗಾತ್ರದ ಲೆಕ್ಕದಲ್ಲಿ ಶೇ 5 ಇದ್ದದ್ದು ಆಮೇಲೆ ಶೇ 8ಕ್ಕೆ ಏರಿತು. ಮುಂದಿನ ಗುರಿ ಶೇ 20 ಎಂಬ ಮಾತಿದೆ. ದಾಭೋಲ್‌ನಿಂದ ಬರುವ ಕೊಳವೆಯ ಅನಿಲವನ್ನು ಉರಿಸುವ ಬೆಂಗಳೂರಿನ ಮನೆಗಳಿಗೂ ಈ ಪ್ರಶ್ನೆ ದೂರದ್ದೇನಲ್ಲ.

ಮೊದಲ ಆಕ್ಷೇಪ ಎಲ್ಲರ ಬಾಯಲ್ಲೂ ಇರುವುದು: "ಹೈಡ್ರೋಜನ್ ಉರಿದರೆ ಬರುವುದು ನೀರಾವಿ ಮಾತ್ರ. ಅನಿಲ ಉರಿದರೆ ಇಂಗಾಲದ ಡೈಆಕ್ಸೈಡ್. ಇದರಲ್ಲಿ ಹೋಲಿಸಲು ಏನಿದೆ?"

ಹೋಲಿಸಬೇಕಾದದ್ದು ಒಲೆಯ ಹಿಂದೆ ಇದೆ. ನೈಸರ್ಗಿಕ ಅನಿಲ ನೆಲದಡಿಯಿಂದ ಸಿದ್ಧವಾಗಿಯೇ ಬರುತ್ತದೆ. ನಾವು ಬಳಸುವ ಹೈಡ್ರೋಜನ್ನನ್ನು ತಯಾರಿಸಬೇಕು. ಜಗತ್ತು ಇಂದು ವರ್ಷಕ್ಕೆ ಹತ್ತಿರ ಹತ್ತಿರ 10 ಕೋಟಿ ಟನ್ ಹೈಡ್ರೋಜನ್ ತಯಾರಿಸುತ್ತದೆ. ಅದರಲ್ಲಿ ಶೇ 1ರಷ್ಟೂ ಶುದ್ಧ ದಾರಿಯಲ್ಲಿ ಬಂದದ್ದಲ್ಲ. ಬಹುಪಾಲು ತಯಾರಾಗುವುದು ನೈಸರ್ಗಿಕ ಅನಿಲವನ್ನು ಅತಿ ಬಿಸಿಯ ಹಬೆಯೊಡನೆ ಒಡೆದು. ಅದಕ್ಕೆ ಬೂದು ಹೈಡ್ರೋಜನ್ ಎಂಬ ಹೆಸರಿದೆ.

ಲೆಕ್ಕಕ್ಕೆ ಒಂದು ಕಿಲೋ ಹೈಡ್ರೋಜನ್ ಹಿಡಿಯೋಣ. ಅದು ಕೊಡುವ ಶಾಖ 120 ಮೆಗಾಜೂಲ್. ಅಷ್ಟೇ ಶಾಖವನ್ನು ನೈಸರ್ಗಿಕ ಅನಿಲ ಉರಿಸಿ ಪಡೆದರೆ ಸುಮಾರು 6.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಂದು ಕಿಲೋ ಬೂದು ಹೈಡ್ರೋಜನ್ ತಯಾರಿಸುವಾಗ ಕಾರ್ಖಾನೆಯ ಚಿಮಣಿಯಿಂದಲೇ 9ರಿಂದ 10 ಕಿಲೋ ಹೋಗುತ್ತದೆ. ಅಂದರೆ ಅನಿಲದಿಂದ ಹೈಡ್ರೋಜನ್ ಮಾಡಿ ಉರಿಸುವುದಕ್ಕಿಂತ ಆ ಅನಿಲವನ್ನೇ ಉರಿಸುವುದು ವಾಸಿ. ನೀರನ್ನು ವಿದ್ಯುತ್ತಿನಿಂದ ಒಡೆದು ಮಾಡುವ ದಾರಿಯೂ ತಾನಾಗಿ ಶುದ್ಧವಲ್ಲ. ಒಂದು ಕಿಲೋಗೆ 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಭಾರತದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋ ಮೀರಿ ಇಂಗಾಲದ ಡೈಆಕ್ಸೈಡ್ ಲೆಕ್ಕವಾಗುತ್ತದೆ, ಏಕೆಂದರೆ ನಮ್ಮ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನದು. ಗುಣಿಸಿದರೆ ಒಂದು ಕಿಲೋ ಹೈಡ್ರೋಜನ್‌ಗೆ 37 ಕಿಲೋ ಆಸುಪಾಸು. ಅನಿಲದ 6.7ರ ಎದುರು ಈ ಅಂಕಿಯನ್ನಿಟ್ಟು ನೋಡಿ. ನೀರಾವಿ ಮಾತ್ರ ಎಂಬ ಮಾತು ಎಷ್ಟು ಅಪೂರ್ಣ ಎಂಬುದು ಗೊತ್ತಾಗುತ್ತದೆ.

ಸೂರ್ಯ ಅಥವಾ ಗಾಳಿಯ ವಿದ್ಯುತ್ತಿನಿಂದಲೇ ತಯಾರಿಸಿದ ಹೈಡ್ರೋಜನ್ ನಿಜಕ್ಕೂ ಶುದ್ಧ. ಇದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹಸಿರು ಹೈಡ್ರೋಜನ್‌ಗೆ ಕಿಲೋಗೆ 2 ಕಿಲೋ ಇಂಗಾಲದ ಡೈಆಕ್ಸೈಡ್ ಎಂಬ ಮಿತಿ ಹಾಕಿದ್ದು ಒಳ್ಳೆಯ ಕೆಲಸ. ಆದರೆ ಆ ಮಿತಿಯನ್ನು ಅಳೆಯುವುದು 12 ತಿಂಗಳ ಸರಾಸರಿಯಲ್ಲಿ. ಲೆಕ್ಕ ಕಾರ್ಖಾನೆಯ ಬಾಗಿಲಿಗೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ಸಾಗಿಸುವಾಗ ಆಗುವುದು ಅದರೊಳಗೆ ಬರುವುದಿಲ್ಲ. ಕವಾಸ್‌ನಲ್ಲಿ ನೀರಿನ ಮೇಲೆ ತೇಲುವ ಸೌರ ಫಲಕಗಳ ವಿದ್ಯುತ್ ಬಳಸುತ್ತಾರೆ, ಅದು ಸರಿ. 2022ರ ಜನವರಿಯಲ್ಲಿ ಇಂದೋರ್‌ನ ನಗರ ಅನಿಲ ಜಾಲಕ್ಕೆ ಗೇಲ್ ಸಂಸ್ಥೆ ಮೊದಲು ಬೆರೆಸಿದ್ದು ಬೂದು ಹೈಡ್ರೋಜನ್ನನ್ನು. ಕೊಳವೆ ತಾಳುತ್ತದೆಯೇ ಎಂದು ನೋಡುವ ಪ್ರಯೋಗವಾಗಿ ಅದು ಇರಬಹುದು. ಅದರಿಂದ ಹವಾಮಾನಕ್ಕೆ ಲಾಭವಾಯಿತು ಎಂದು ಯಾರೂ ಹೇಳುವಂತಿಲ್ಲ.

ಎರಡನೆಯ ಆಕ್ಷೇಪ: "ಹಸಿರು ಹೈಡ್ರೋಜನ್ನನ್ನೇ ಬೆರೆಸುತ್ತೇವೆ. ಶೇ 20 ಬೆರೆಸಿದರೆ ಮಾಲಿನ್ಯ ಶೇ 20 ಇಳಿಯುತ್ತದಲ್ಲ. ಇವತ್ತೇ ಸಿಗುವ ಲಾಭವನ್ನು ಯಾಕೆ ಬಿಡಬೇಕು?"

ಇಳಿಯುವುದು ಶೇ 20 ಅಲ್ಲ, ಶೇ 7. ಹೈಡ್ರೋಜನ್ ಅತಿ ಹಗುರ. ಒಂದು ಘನ ಮೀಟರ್ ಮೀಥೇನ್ ಸುಮಾರು 36 ಮೆಗಾಜೂಲ್ ಶಾಖ ಕೊಟ್ಟರೆ ಅಷ್ಟೇ ಗಾತ್ರದ ಹೈಡ್ರೋಜನ್ ಕೊಡುವುದು 11ಕ್ಕಿಂತ ಕಡಿಮೆ. ಕೊಳವೆಯ ಐದರಲ್ಲೊಂದು ಪಾಲನ್ನು ಹೈಡ್ರೋಜನ್ ತುಂಬಿಕೊಂಡರೂ ಶಾಖದಲ್ಲಿ ಅದರ ಪಾಲು ಶೇ 7 ಮಾತ್ರ. ಕವಾಸ್‌ನ ಶೇ 8ರ ಮಿಶ್ರಣದಲ್ಲಿ ಅದು ಶೇ 2.6. ಉಳಿದ ಶಾಖವೆಲ್ಲ ಮೀಥೇನಿನದೇ. ಶೇ 20 ಬೆರೆಸಿದ ಮೇಲೆ ಮೊದಲಿನಷ್ಟೇ ಶಾಖ ಒದಗಿಸಲು ಆರರಲ್ಲೊಂದು ಪಾಲಿನಷ್ಟು ಹೆಚ್ಚು ಅನಿಲವನ್ನು ಕೊಳವೆಯಲ್ಲಿ ತಳ್ಳಬೇಕಾಗುತ್ತದೆ.

ಶೇ 7 ಆದರೂ ಸಿಗಲಿ ಎನ್ನುವವರು ಅದೇ ಹೈಡ್ರೋಜನ್ ಬೇರೆಡೆ ಏನು ಮಾಡುತ್ತಿತ್ತು ಎಂಬುದನ್ನು ನೋಡಬೇಕು. ನನ್ನ ವಾದದ ತಿರುಳು ಇದೇ. ಭಾರತ ಈಗಾಗಲೇ ವರ್ಷಕ್ಕೆ ಸುಮಾರು 50 ಲಕ್ಷ ಟನ್ ಹೈಡ್ರೋಜನ್ ಬಳಸುತ್ತಿದೆ. ಮುಖ್ಯವಾಗಿ ತೈಲ ಶುದ್ಧೀಕರಣ ಮತ್ತು ರಸಗೊಬ್ಬರಕ್ಕೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಬೂದು. ಮಂಗಳೂರಿನಲ್ಲೇ ಎಂಆರ್‌ಪಿಎಲ್‌ಗೆ ಡೀಸೆಲ್ಲಿನಿಂದ ಗಂಧಕ ತೆಗೆಯಲು ಹೈಡ್ರೋಜನ್ ಬೇಕು. ಪಣಂಬೂರಿನ ರಸಗೊಬ್ಬರ ಕಾರ್ಖಾನೆಗೆ ಅಮೋನಿಯಾ ತಯಾರಿಸಲು ಬೇಕು. ಕೊಚ್ಚಿ–ಮಂಗಳೂರು ಕೊಳವೆ ಬಂದಾಗ ಆ ಕಾರ್ಖಾನೆ ನಾಫ್ತಾ ಬಿಟ್ಟು ನೈಸರ್ಗಿಕ ಅನಿಲಕ್ಕೆ ಹೊರಳಿತು. ಅಂಥ ಕಡೆ ಒಂದು ಕಿಲೋ ಹಸಿರು ಹೈಡ್ರೋಜನ್ ಕೊಟ್ಟರೆ ಅದು ಒಂದು ಕಿಲೋ ಬೂದು ಹೈಡ್ರೋಜನ್ನಿನ ಜಾಗಕ್ಕೆ ಬಂದು 9ರಿಂದ 10 ಕಿಲೋ ಇಂಗಾಲದ ಡೈಆಕ್ಸೈಡ್ ಉಳಿಸುತ್ತದೆ. ಅಡುಗೆ ಕೊಳವೆಗೆ ಹಾಕಿದರೆ ಉಳಿಯುವುದು 6.7. ಉಕ್ಕಿನಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಕೋಕ್ ಕಲ್ಲಿದ್ದಲಿನ ಊದುಕುಲುಮೆಯಲ್ಲಿ ಒಂದು ಟನ್ ಉಕ್ಕಿಗೆ ಎರಡು ಟನ್ ಮೀರಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದೇ ಅದಿರಿನಿಂದ ಹೈಡ್ರೋಜನ್ ಬಳಸಿ ಆಮ್ಲಜನಕ ತೆಗೆಯಲು 50ರಿಂದ 60 ಕಿಲೋ ಹೈಡ್ರೋಜನ್ ಸಾಕು. ಕರಗಿಸುವ ವಿದ್ಯುತ್ ಕುಲುಮೆಗೂ ಶುದ್ಧ ವಿದ್ಯುತ್ ಸಿಕ್ಕರೆ, ಕಿಲೋ ಒಂದಕ್ಕೆ 30 ಕಿಲೋ ಆಸುಪಾಸು ಉಳಿತಾಯ. ಬಳ್ಳಾರಿಯ ತೋರಣಗಲ್ಲಿನ ಜೆಎಸ್‌ಡಬ್ಲ್ಯೂ ಉಕ್ಕು ಕಾರ್ಖಾನೆಗೆ ವರ್ಷಕ್ಕೆ 3,800 ಟನ್ ಹಸಿರು ಹೈಡ್ರೋಜನ್ ಒದಗಿಸುವ ಯೋಜನೆಯನ್ನು ನಾನು ಸ್ವಾಗತಿಸುವುದು ಇದಕ್ಕೇ. ಆ ದೊಡ್ಡ ಕಾರ್ಖಾನೆಯ ಮಟ್ಟಿಗೆ ಪ್ರಮಾಣ ಅಲ್ಪ, ಆದರೆ ದಿಕ್ಕು ಸರಿಯಾದದ್ದು.

ರಸಗೊಬ್ಬರದ ವಿಷಯದಲ್ಲಿ ಬಲ್ಲವರು ಒಂದು ತೊಡಕನ್ನು ಎತ್ತುತ್ತಾರೆ, ಅದು ನಿಜವಾದ ತೊಡಕು. ಯೂರಿಯಾಕ್ಕೆ ಅಮೋನಿಯಾ ಮಾತ್ರ ಸಾಲದು, ಇಂಗಾಲದ ಡೈಆಕ್ಸೈಡೂ ಬೇಕು. ಅನಿಲವನ್ನು ಒಡೆದಾಗ ಎರಡೂ ಒಟ್ಟಿಗೆ ಸಿಗುತ್ತವೆ. ನೀರಿನಿಂದ ಹೈಡ್ರೋಜನ್ ತೆಗೆದರೆ ಎರಡನೆಯದು ಸಿಗದು. ಹಾಗಾಗಿ ಯೂರಿಯಾ ಕಾರ್ಖಾನೆಯನ್ನು ಇಡಿಯಾಗಿ ಬದಲಿಸುವುದು ಸುಲಭವಲ್ಲ. ಡಿಎಪಿ ಮತ್ತು ಸಂಯುಕ್ತ ಗೊಬ್ಬರಗಳಿಗೆ ಈ ತೊಡಕಿಲ್ಲ. ಅವಕ್ಕೆ ಬೇಕಾದ ಅಮೋನಿಯಾದ ಬಹುಪಾಲನ್ನು ನಾವು ಹಡಗಿನಲ್ಲಿ ತರಿಸುತ್ತೇವೆ. 2025ರಲ್ಲಿ ಸೋಲಾರ್ ಎನರ್ಜಿ ಕಾರ್ಪೊರೇಷನ್ ವರ್ಷಕ್ಕೆ 7.24 ಲಕ್ಷ ಟನ್ ಹಸಿರು ಅಮೋನಿಯಾಕ್ಕೆ ಹರಾಜು ನಡೆಸಿದ್ದು ಇಂಥ ಕಾರ್ಖಾನೆಗಳಿಗಾಗಿ. ಹಸಿರು ಹೈಡ್ರೋಜನ್ ಮೊದಲು ಹೋಗಬೇಕಾದ ಬಾಗಿಲು ಇದು.

ಮೂರನೆಯ ಆಕ್ಷೇಪ: "ಕೊಳವೆಗಳು ಈಗಾಗಲೇ ಇವೆ. ಇಂದು ಶೇ 20, ನಾಳೆ ಶೇ 50, ಒಂದು ದಿನ ಶೇ 100. ಎಲ್ಲಿಂದಲಾದರೂ ಆರಂಭಿಸಬೇಕಲ್ಲ."

ಶೇ 20ರವರೆಗೆ ದೊಡ್ಡ ಅಡ್ಡಿ ಇಲ್ಲ ಎಂಬುದು ಪರೀಕ್ಷೆಯಾದ ಮಾತು. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ಆವರಣದಲ್ಲಿ 2019ರಿಂದ, ಆಮೇಲೆ ವಿನ್ಲೇಟನ್ ಎಂಬ ಊರಿನ 668 ಮನೆಗಳಲ್ಲಿ ಈ ಮಿಶ್ರಣವನ್ನು ಉರಿಸಿ ನೋಡಿದ್ದಾರೆ. ಒಲೆಗಳು ಕೆಲಸ ಮಾಡಿದವು. ಸುರಕ್ಷತೆಯ ಭೀತಿ ಹುಟ್ಟಿಸಿ ಈ ಯೋಜನೆಯನ್ನು ವಿರೋಧಿಸುವವರ ಜೊತೆ ನಾನಿಲ್ಲ. ಆದರೆ ಶೇ 20 ದಾಟಿದ ಮೇಲೆ ಬರ್ನರ್, ಮೀಟರ್, ಕವಾಟ ಎಲ್ಲವನ್ನೂ ಬದಲಿಸುತ್ತ ಹೋಗಬೇಕು. ದೂರದೂರಿಗೆ ಅನಿಲ ಸಾಗಿಸುವ ಗಟ್ಟಿ ಉಕ್ಕಿನ ಕೊಳವೆಗಳನ್ನು ಹೈಡ್ರೋಜನ್ ಒಳಹೊಕ್ಕು ಪೆಡಸುಗೊಳಿಸುತ್ತದೆ. ಶೇ 20ರಿಂದ ಶೇ 100ಕ್ಕೆ ಮೆಟ್ಟಿಲುಗಳಿಲ್ಲ. ಒಂದು ದಿನ ಇಡೀ ಬಡಾವಣೆಯ ಅನಿಲ ನಿಲ್ಲಿಸಿ ಎಲ್ಲ ಮನೆಗಳ ಉಪಕರಣ ಬದಲಿಸಬೇಕು. ಇಂಗ್ಲೆಂಡ್ ಆ ಪ್ರಯತ್ನಕ್ಕೂ ಸಿದ್ಧತೆ ಮಾಡಿತ್ತು. ವಿಟ್‌ಬಿ ಎಂಬಲ್ಲಿ ಪೂರ್ತಿ ಹೈಡ್ರೋಜನ್ನಿನ ಹಳ್ಳಿಯ ಯೋಜನೆಯನ್ನು ಜನರ ವಿರೋಧದ ನಡುವೆ 2023ರ ಜುಲೈನಲ್ಲಿ ಕೈಬಿಟ್ಟಿತು. ರೆಡ್‌ಕಾರ್‌ನಲ್ಲಿ ಅದೇ ವರ್ಷದ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಬಹುಕಾಲ ಅನಿಲ ಉರಿಸಿ ಅನುಭವವಿದ್ದ ದೇಶ ಅಲ್ಲಿ ನಿಂತಿರುವಾಗ, ಕೊಳವೆ ಜಾಲವನ್ನೇ ಈಗ ಹಾಸುತ್ತಿರುವ ನಾವು ಅದೇ ದಾರಿಗೆ ಇಳಿಯಬೇಕಾಗಿಲ್ಲ.

ಇನ್ನು ನೈಸರ್ಗಿಕ ಅನಿಲದ ಪಕ್ಷದವರ ಮಾತು. ಅವರು ಇತ್ತೀಚೆಗೆ ಹೊಸದೊಂದು ವಾದ ಹಿಡಿದಿದ್ದಾರೆ: "ಹೈಡ್ರೋಜನ್ ಸೋರಿದರೆ ಅದೂ ಭೂಮಿಯನ್ನು ಬಿಸಿ ಮಾಡುತ್ತದೆ. ಇಂಗಾಲದ ಡೈಆಕ್ಸೈಡಿಗಿಂತ ಹನ್ನೊಂದು ಪಟ್ಟು. ಅಣು ಅತಿ ಚಿಕ್ಕದು, ಎಲ್ಲಿಂದಲೂ ಸೋರುತ್ತದೆ. ಅನಿಲಕ್ಕಿಂತ ಅದೇನು ಮೇಲು?"

ಈ ವಾದದ ಮೊದಲರ್ಧ ನಿಜ. ಹೈಡ್ರೋಜನ್ ಸ್ವತಃ ಹಸಿರುಮನೆ ಅನಿಲವಲ್ಲ. ಆದರೆ ಗಾಳಿಯಲ್ಲಿರುವ ಹೈಡ್ರಾಕ್ಸಿಲ್ ಎಂಬ ಕಣ ಮೀಥೇನನ್ನು ಸವೆಸುತ್ತಿರುತ್ತದೆ. ಸೋರಿದ ಹೈಡ್ರೋಜನ್ ಆ ಕಣವನ್ನು ತಾನು ಬಳಸಿಕೊಂಡುಬಿಡುತ್ತದೆ. ಆಗ ಮೀಥೇನ್ ಗಾಳಿಯಲ್ಲಿ ಇನ್ನಷ್ಟು ಕಾಲ ಉಳಿಯುತ್ತದೆ. ಕೆಳಗೆ ಓಜೋನ್, ಮೇಲಿನ ಸ್ತರದಲ್ಲಿ ನೀರಾವಿ ಹೆಚ್ಚುತ್ತವೆ. ನಾರ್ವೆಯ ಸಿಸೆರೊ ಸಂಸ್ಥೆಯ ವಿಜ್ಞಾನಿಗಳ ನೇತೃತ್ವದಲ್ಲಿ 2023ರಲ್ಲಿ ಪ್ರಕಟವಾದ ಅಧ್ಯಯನ ನೂರು ವರ್ಷದ ಅವಧಿಗೆ ಇದರ ಪ್ರಭಾವವನ್ನು 11.6 ಎಂದು ಅಂದಾಜಿಸಿತು. ಸೋರಿದ್ದರಲ್ಲಿ ಬಹುಪಾಲನ್ನು ಮಣ್ಣಿನ ಸೂಕ್ಷ್ಮಜೀವಿಗಳು ಹೀರಿಕೊಳ್ಳುತ್ತವೆ ಎಂಬುದನ್ನೂ ಸೇರಿಸಿದ ಲೆಕ್ಕ ಅದು.

ಎರಡನೆಯ ಅರ್ಧ ತಪ್ಪು. ನೂರರಲ್ಲಿ ಹತ್ತು ಪಾಲು ಹೈಡ್ರೋಜನ್ ಸೋರಿತು ಎಂದು ಬಹಳ ಕೆಟ್ಟ ಸ್ಥಿತಿಯನ್ನೇ ಊಹಿಸೋಣ. ಒಂದು ಕಿಲೋಗೆ ನೂರು ಗ್ರಾಂ ಸೋರಿಕೆ. ಅದರ ಪರಿಣಾಮ 1.2 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಅದೇ ಶಾಖ ಕೊಡುವ ಅನಿಲ ಉರಿದರೇ 6.7 ಕಿಲೋ. ಅದರ ಮೇಲೆ ಅನಿಲವೂ ಸೋರುತ್ತದೆ, ಮತ್ತು ಅದು ಬಹುಪಾಲು ಮೀಥೇನ್: ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿನ 30 ಪಟ್ಟು, ಇಪ್ಪತ್ತು ವರ್ಷದ ಲೆಕ್ಕದಲ್ಲಿ 80 ಪಟ್ಟು ಮೀರಿದ್ದು. ಅಮೆರಿಕದ ತೈಲ ಮತ್ತು ಅನಿಲ ಉದ್ಯಮದಿಂದ ಶೇ 2.3ರಷ್ಟು ಮೀಥೇನ್ ಗಾಳಿಗೆ ಹೋಗುತ್ತಿದೆ ಎಂದು 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಅಲ್ಲಿನ ಸರ್ಕಾರಿ ಅಂದಾಜಿಗಿಂತ ಅದು ಶೇ 60 ಹೆಚ್ಚು. ಆ ದರವನ್ನು ಹಿಡಿದರೆ ಅನಿಲದ 6.7 ಕಿಲೋ, ನೂರು ವರ್ಷದ ಲೆಕ್ಕದಲ್ಲಿ 8 ದಾಟುತ್ತದೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ 11ಕ್ಕೆ ಬರುತ್ತದೆ. ಭಾರತ ಬಳಸುವ ಅನಿಲದಲ್ಲಿ ಅರ್ಧದಷ್ಟು ಬರುವುದು ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಣಿಸಿ ದ್ರವ ಮಾಡಿ, ಹಡಗಿನಲ್ಲಿ. ಆ ತಣಿಸುವಿಕೆಗೂ ಶಕ್ತಿ ಖರ್ಚಾಗುತ್ತದೆ.

ಸೋರಿಕೆಯ ಬಗ್ಗೆ ನನಗೆ ನಿಜವಾದ ಚಿಂತೆ ಇರುವುದು ಬೇರೆ ಕಡೆ. ಮೀಥೇನ್ ಅವಗೆಂಪು ಕಿರಣವನ್ನು ಹೀರುತ್ತದೆ. ಹಾಗಾಗಿ ಉಪಗ್ರಹಗಳಿಗೂ ವಿಶೇಷ ಕ್ಯಾಮೆರಾಗಳಿಗೂ ಕಾಣುತ್ತದೆ. ಹೈಡ್ರೋಜನ್ ಹೀರುವುದಿಲ್ಲ, ಕಾಣುವುದಿಲ್ಲ. ಸೋರಿಕೆಯನ್ನು ಸ್ಥಳದಲ್ಲೇ ಉಪಕರಣ ಇಟ್ಟು ಅಳೆಯಬೇಕು. ಒಂದು ಉಕ್ಕಿನ ಕಾರ್ಖಾನೆಯ ಆವರಣದಲ್ಲಿ ಹೀಗೆ ಅಳೆಯಬಹುದು. ಸಾವಿರಾರು ಮನೆಗಳಿಗೆ ಹರಡಿದ ಕೊಳವೆಯ ಒಂದೊಂದು ಜೋಡಣೆಯಲ್ಲೂ ಅಳೆಯುವವರು ಯಾರು?

"ಹಾಗಾದರೆ ಅನಿಲದಿಂದಲೇ ಹೈಡ್ರೋಜನ್ ಮಾಡಿ, ಬರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು ನೆಲದಡಿ ಹುಗಿದರೆ ಆಯಿತು" ಎಂಬುದು ಅವರ ಮುಂದಿನ ಮಾತು. ಇದಕ್ಕೆ ನೀಲಿ ಹೈಡ್ರೋಜನ್ ಎನ್ನುತ್ತಾರೆ. ಅಮೆರಿಕದ ರಾಬರ್ಟ್ ಹೊವಾರ್ಥ್ ಮತ್ತು ಮಾರ್ಕ್ ಜೇಕಬ್ಸನ್ 2021ರಲ್ಲಿ, ಇದರ ಪರಿಣಾಮ ಅನಿಲವನ್ನು ನೇರ ಉರಿಸುವುದಕ್ಕಿಂತ ಶೇ 20ರಷ್ಟು ಕೆಟ್ಟದ್ದು ಎಂದು ಲೆಕ್ಕ ಕೊಟ್ಟರು. ಆ ಲೆಕ್ಕದಲ್ಲಿ ಸೋರಿಕೆಯನ್ನು ಹೆಚ್ಚಾಗಿಯೂ ಹಿಡಿಯುವ ಪ್ರಮಾಣವನ್ನು ಕಡಿಮೆಯಾಗಿಯೂ ಊಹಿಸಿದ್ದಾರೆ ಎಂದು ಬೇರೆ ವಿಜ್ಞಾನಿಗಳು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಬಲವಿದೆ. ಸೋರಿಕೆ ತೀರಾ ಕಡಿಮೆ ಇದ್ದು ಶೇ 90ಕ್ಕೂ ಹೆಚ್ಚು ಹಿಡಿದರೆ ನೀಲಿ ಹೈಡ್ರೋಜನ್ ಅನಿಲಕ್ಕಿಂತ ಒಳ್ಳೆಯದೇ. ಆದರೆ ಕೆನಡಾದ ಆಲ್ಬರ್ಟಾದಲ್ಲಿ 2015ರಿಂದ ನಡೆಯುತ್ತಿರುವ ಕ್ವೆಸ್ಟ್ ಘಟಕ ಹಿಡಿಯುವುದು ಪ್ರಕ್ರಿಯೆಯ ಅನಿಲದ ಶೇ 80ರಷ್ಟನ್ನು. ಕುಲುಮೆಯ ಹೊಗೆ ಹಾಗೆಯೇ ಹೋಗುತ್ತದೆ. ನಮ್ಮ ದೇಶದಲ್ಲಿ ಇಂಗಾಲದ ಡೈಆಕ್ಸೈಡನ್ನು ದೊಡ್ಡ ಪ್ರಮಾಣದಲ್ಲಿ ನೆಲದಡಿ ಕೂಡಿಡುವ ಒಂದು ಘಟಕವೂ ಇನ್ನೂ ನಡೆಯುತ್ತಿಲ್ಲ. ಅರ್ಧದಷ್ಟು ಅನಿಲವನ್ನು ಹೊರಗಿನಿಂದ ಕೊಳ್ಳುವ ದೇಶಕ್ಕೆ ಈ ದಾರಿ ಹೇಗೆ ಹೊಂದುತ್ತದೆ ಎಂಬುದನ್ನು ಅದರ ಪರ ಇರುವವರು ವಿವರಿಸಬೇಕು.

ನೀರಿನ ಬಗ್ಗೆ ಪರಿಸರದ ಗೆಳೆಯರಿಂದಲೇ ಆಕ್ಷೇಪ ಬರುತ್ತದೆ: "ಕುಡಿಯಲು ನೀರಿಲ್ಲದ ನಾಡಿನಲ್ಲಿ ನೀರನ್ನು ಒಡೆದು ಇಂಧನ ಮಾಡುವುದೇ?" ಕಾಳಜಿ ನನ್ನದೂ ಹೌದು, ಆದರೆ ಲೆಕ್ಕ ಅವರು ಹೆದರುವಷ್ಟಿಲ್ಲ. ಒಂದು ಕಿಲೋ ಹೈಡ್ರೋಜನ್‌ಗೆ ರಾಸಾಯನಿಕವಾಗಿ 9 ಲೀಟರ್ ಬೇಕು. ಶುದ್ಧೀಕರಣ, ತಂಪುಗೊಳಿಸುವಿಕೆ ಸೇರಿದರೆ 20ರಿಂದ 30 ಲೀಟರ್. ರಾಷ್ಟ್ರೀಯ ಹಸಿರು ಹೈಡ್ರೋಜನ್ ಅಭಿಯಾನದ 2030ರ ಗುರಿ ವರ್ಷಕ್ಕೆ 50 ಲಕ್ಷ ಟನ್. ಅಷ್ಟಕ್ಕೂ ಬೇಕಾಗುವ ನೀರು, ಕಾವೇರಿ ಐದನೇ ಹಂತದಲ್ಲಿ ಬೆಂಗಳೂರಿಗೆ ಸೇರಿದ ದಿನಕ್ಕೆ 77.5 ಕೋಟಿ ಲೀಟರ್‌ನ ಅರ್ಧದ ಆಸುಪಾಸಿನಲ್ಲೇ ಮುಗಿಯುತ್ತದೆ. ಕರಾವಳಿಯಲ್ಲಿ ಕಡಲ ನೀರನ್ನು ಸಿಹಿ ಮಾಡಿ ಬಳಸಿದರೆ ಒಂದು ಕಿಲೋಗೆ ತಗಲುವ ವಿದ್ಯುತ್ ಒಂದು ಯೂನಿಟ್‌ನ ಹತ್ತನೇ ಒಂದು ಪಾಲು. ಉಳಿಯುವ ಉಪ್ಪುನೀರನ್ನು ಮೀನು ಬದುಕುವ ಕಡೆ ಸುರಿಯಬಾರದು ಎಂಬುದಕ್ಕೆ ಕಟ್ಟುನಿಟ್ಟಿನ ನಿಯಮ ಬೇಕು. ಅಪಾಯವಿರುವುದು ಒಣ ತಾಲ್ಲೂಕುಗಳಲ್ಲಿ. ಸೌರಶಕ್ತಿ ಇದೆ ಎಂಬ ಒಂದೇ ಕಾರಣಕ್ಕೆ ಪಾವಗಡದಂಥ ಕಡೆ ಅಂತರ್ಜಲ ಎತ್ತಿ ಈ ಘಟಕ ನಡೆಸುವುದು ಅನ್ಯಾಯ. ವಿದ್ಯುತ್ತನ್ನು ತಂತಿಯಲ್ಲಿ ನೀರಿರುವ ಕಡೆಗೆ ಒಯ್ಯಬಹುದು.

ಅಡುಗೆಮನೆಯ ಗಾಳಿಯ ವಿಷಯ ಚರ್ಚೆಗೆ ಬರುವುದೇ ಕಡಿಮೆ, ಬರಬೇಕು. "ಹೈಡ್ರೋಜನ್ ಜ್ವಾಲೆಯಲ್ಲಿ ಇಂಗಾಲವಿಲ್ಲ, ಆದ್ದರಿಂದ ಕಾರ್ಬನ್ ಮಾನಾಕ್ಸೈಡ್ ಇಲ್ಲ, ಮಸಿ ಇಲ್ಲ" ಎನ್ನುತ್ತಾರೆ. ಪೂರ್ತಿ ಹೈಡ್ರೋಜನ್ನಿನ ಮಟ್ಟಿಗೆ ಇದು ನಿಜ. ಆದರೆ ಯಾವ ಬಿಸಿ ಜ್ವಾಲೆಯೂ ಗಾಳಿಯಲ್ಲಿರುವ ಸಾರಜನಕವನ್ನು ಸುಟ್ಟು ನೈಟ್ರೋಜನ್ ಆಕ್ಸೈಡ್ ಮಾಡುತ್ತದೆ. ಹೈಡ್ರೋಜನ್ ಜ್ವಾಲೆ ಮೀಥೇನಿನದಕ್ಕಿಂತ ಬಿಸಿ. ದೊಡ್ಡ ಬಾಯ್ಲರ್‌ಗಳಲ್ಲಿ ಗಾಳಿಯ ಪ್ರಮಾಣ ಹೊಂದಿಸಿ, ಚಿಮಣಿಯಲ್ಲಿ ಶುದ್ಧೀಕರಣ ಇಟ್ಟು ಇದನ್ನು ತಡೆಯಬಹುದು. ಮನೆಯ ಒಲೆಗೆ ಚಿಮಣಿ ಶುದ್ಧೀಕರಣ ಇರುವುದಿಲ್ಲ. ಉಬ್ಬಸವಿರುವ ಮಗು ಅದೇ ಮನೆಯಲ್ಲಿ ಉಸಿರಾಡುತ್ತದೆ.

ಕೊನೆಗೆ ಉಳಿಯುವ ಪ್ರಶ್ನೆ, ಇದನ್ನು ಎರಡೂ ಕಡೆಯವರು ಕೇಳುತ್ತಾರೆ: "ಹೈಡ್ರೋಜನ್ ಬೇಡ, ಅನಿಲವೂ ಬೇಡ ಎಂದರೆ ಜನ ಏನು ಉರಿಸಬೇಕು? ಮತ್ತೆ ಸೌದೆಗೆ ಹೋಗಬೇಕೇ?"

ಸೌದೆಯಿಂದ ಅನಿಲಕ್ಕೆ ಬಂದದ್ದು ಕೋಟ್ಯಂತರ ಹೆಂಗಸರ ಕಣ್ಣು, ಶ್ವಾಸಕೋಶಗಳನ್ನು ಉಳಿಸಿದೆ. ಆ ಲಾಭವನ್ನು ಕಸಿಯುವ ಯಾವ ವಾದಕ್ಕೂ ನಾನು ದನಿಗೂಡಿಸುವುದಿಲ್ಲ. ಸಿಲಿಂಡರ್ ಈಗಷ್ಟೇ ಬಂದಿರುವ ಮನೆಯಲ್ಲಿ ಅದು ಉಳಿಯಲಿ. ಆದರೆ ಕೊಳವೆ ಅನಿಲ ಬರುವ ನಗರದ ಮನೆಗೆ ವಿದ್ಯುತ್ತೂ ಬರುತ್ತದೆ. 52 ಯೂನಿಟ್ ಸೌರ ವಿದ್ಯುತ್ತಿನಿಂದ ಒಂದು ಕಿಲೋ ಹೈಡ್ರೋಜನ್ ಮಾಡಿದರೆ ಅದರಲ್ಲಿರುವ ಶಾಖ 33 ಯೂನಿಟ್. ಕೊಳವೆ ಅನಿಲದ ಒಳ್ಳೆಯ ಒಲೆಯಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು, 18 ಯೂನಿಟ್, ಪಾತ್ರೆಗೆ ತಲುಪುತ್ತದೆ. ಅದೇ 52 ಯೂನಿಟ್ಟನ್ನು ತಂತಿಯಲ್ಲಿ ಕಳಿಸಿದರೆ ದಾರಿಯ ನಷ್ಟ ಶೇ 15 ಕಳೆದು, ಇಂಡಕ್ಷನ್ ಒಲೆಯಲ್ಲಿ 37 ಯೂನಿಟ್ ಪಾತ್ರೆಗೆ ತಲುಪುತ್ತದೆ. ಎರಡು ಪಟ್ಟು ಅಡುಗೆ. ರಾತ್ರಿಯ ಅಡುಗೆಗೆ ಬ್ಯಾಟರಿ ಬೇಕು, ಕರೆಂಟ್ ಹೋಗದಂತೆ ಸರಬರಾಜು ಗಟ್ಟಿಯಾಗಬೇಕು, ಬಡವರಿಗೆ ದರ ಕೈಗೆಟುಕಬೇಕು. ಇವೆಲ್ಲ ನಿಜವಾದ ಕೆಲಸಗಳು, ಹಣ ಬೇಡುವ ಕೆಲಸಗಳು. ಹೈಡ್ರೋಜನ್ ಅಭಿಯಾನಕ್ಕೆ ಸರ್ಕಾರ ಎತ್ತಿಟ್ಟ ಹಣ 19,744 ಕೋಟಿ ರೂಪಾಯಿ. ಅದರ ಒಂದು ರೂಪಾಯಿಯೂ ಅಡುಗೆ ಕೊಳವೆಗೆ ಹೋಗದೆ, ತಂತಿಯಿಂದ ಮಾಡಲಾಗದ ಕೆಲಸಗಳಿರುವ ಪಣಂಬೂರು, ತೋರಣಗಲ್ಲುಗಳಂಥ ಕಡೆಗೆ ಹೋಗಲಿ ಎಂಬುದು ನನ್ನ ಒತ್ತಾಯ. ನಗರ ಅನಿಲ ಕಂಪನಿಗಳಿಗೆ ಹೈಡ್ರೋಜನ್ ಬೆರೆಸುವುದನ್ನು ಕಡ್ಡಾಯ ಮಾಡುವ ಪ್ರಸ್ತಾಪ ಯಾವಾಗ ಮುಂದೆ ಬಂದರೂ ಅದನ್ನು ಒಪ್ಪಬಾರದು.